ಗಾಂಧಿ ಸರಿ ಅಂತ ಎಲ್ಲರೂ ಒಪ್ಪಿದ ಮೇಲೆ ಚರ್ಚೆ ಎಂತದ್ದು?

ಎಂಟನೇ ಕ್ಲಾಸಿನಲ್ಲಿ ನಿಂತು "ಗಾಂಧೀಜಿ ಉಪ್ಪಿನ ಕಾನೂನು ಮುರಿದದ್ದು ಸರಿಯಾ, ತಪ್ಪಾ?" ಅಂತ ಕೇಳಿ ನೋಡಿ. ಇಡೀ ಕ್ಲಾಸು ಒಂದೇ ಸ್ವರದಲ್ಲಿ "ಸರಿ ಟೀಚರ್" ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಮಕ್ಕಳದ್ದೇನೂ ತಪ್ಪಿಲ್ಲ. ಗಾಂಧಿ ಗೆದ್ದರು ಅಂತ ಅವರಿಗೆ ಮೊದಲೇ ಗೊತ್ತು, ನೋಟಿನ ಮೇಲೆ ಅವರ ಮುಖ ಉಂಟು, ಟೀಚರಿಗೆ ಯಾವ ಉತ್ತರ ಬೇಕು ಅಂತಲೂ ಗೊತ್ತು. ಇದನ್ನು ಚರ್ಚೆ ಅಂತ ಕರೆಯುವುದು ಸುಮ್ನೆ.

ಹಾಗಾಗಿ ಈಗ ನಾನು ದಂಡಿಯಿಂದ ಶುರು ಮಾಡುವುದಿಲ್ಲ. ನಮ್ಮ ಉಡುಪಿಯ ಮೀನುಗಾರಿಕೆ ಬಂದರು ಮಲ್ಪೆಯಿಂದ ಮಾಡುತ್ತೇನೆ.

ನಮ್ಮ ಶಾಲೆಗೆ ಕಡಲು ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಯವರಿಗೆ ಅವಕಾಶ ಉಂಟು. "ಈ ಕಾನೂನು ನ್ಯಾಯವಾ?" ಅಂತ ಕೇಳಿದ್ದೇ ತಡ, ಕ್ಲಾಸು ಎರಡು ಹೋಳು. ಬೋಟಿನವರ ಮನೆಯ ಹುಡುಗ, "ಎರಡು ತಿಂಗಳು ಅಪ್ಪನಿಗೆ ದುಡಿಮೆ ಇಲ್ಲ, ಬ್ಯಾಂಕಿನ ಕಂತು ನಿಲ್ಲುತ್ತದಾ ಟೀಚರ್?" ಅನ್ನುತ್ತಾನೆ. ನಾಡದೋಣಿಯವರ ಮನೆಯ ಹುಡುಗಿ ಹಿಂದಿನ ಬೆಂಚಿನಿಂದ, "ನಮಗೆ ನಾಲ್ಕು ಕಾಸು ಸಿಗುವುದೇ ಆ ಎರಡು ತಿಂಗಳಲ್ಲಿ, ಆಗಲೂ ನೀವೇ ಬಂದು ಬಾಚಿಕೊಂಡು ಹೋದರೆ ನಮಗೆಂತ ಉಳಿಯುತ್ತದೆ?" ಅಂತ ತಿರುಗಿ ಕೇಳುತ್ತಾಳೆ. ಮೀನು ತಿನ್ನುವುದು ಬಿಟ್ಟು ಮೀನಿನ ಬಗ್ಗೆ ಬೇರೇನೂ ಗೊತ್ತಿಲ್ಲದ ಪೇಟೆ ಮಕ್ಕಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಾ ಕೂತಿರುತ್ತಾರೆ.

ಇಲ್ಲಿ ನನಗೆ ಬೇಕಾದದ್ದು ಸಿಗುತ್ತದೆ. ಕಷ್ಟ ಕೊಡುವ ಕಾನೂನೆಲ್ಲ ಅನ್ಯಾಯದ ಕಾನೂನಾ? ನಾನು ಬಾಯಿ ಬಿಡದಿದ್ದರೂ ಮಕ್ಕಳೇ ಒಂದೊಂದಾಗಿ ಕೇಳಲು ಶುರು ಮಾಡುತ್ತಾರೆ. ಈ ಕಾನೂನು ಮಾಡಿದ್ದು ಯಾರು? ಅವರನ್ನು ಆರಿಸಿದವರಲ್ಲಿ ನಮ್ಮ ಅಪ್ಪ ಅಮ್ಮನೂ ಇದ್ದರಾ? ಎಲ್ಲ ಬೋಟಿಗೂ ಒಂದೇ ರೂಲಾ, ಅಥವಾ ದೊಡ್ಡವರಿಗೆ ವಿನಾಯಿತಿಯಾ? ಕಾರಣ ಹೇಳಿದ್ದಾರಾ? ಕೊನೆಗೆ ಬೋಟಿನವರ ಹುಡುಗನೂ "ಕಷ್ಟ ಹೌದು, ಆದರೆ ಅನ್ಯಾಯ ಅನ್ನಲಿಕ್ಕಾಗುವುದಿಲ್ಲ. ಪರಿಹಾರ ಕೊಡದೆ ಇದ್ದರೆ ಮಾತ್ರ ಅನ್ಯಾಯ" ಅನ್ನುವಲ್ಲಿಗೆ ಬಂದು ನಿಲ್ಲುತ್ತಾನೆ. ಪಾಠಪುಸ್ತಕದಲ್ಲಿ ಇಷ್ಟು ಸೂಕ್ಷ್ಮ ಎಲ್ಲಿಂದ ತರುವುದು!

ಅಷ್ಟರಲ್ಲಿ ಯಾರಾದರೊಬ್ಬರು ಲೈಟ್ ಫಿಶಿಂಗ್ ವಿಷಯ ಎತ್ತೇ ಎತ್ತುತ್ತಾರೆ. ಜೋರು ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. "ಆದರೂ ಹೋಗುವವರು ಹೋಗುತ್ತಾರಲ್ಲ, ಅದೂ ಕಾನೂನುಭಂಗ ಚಳವಳಿಯಾ ಟೀಚರ್?" ಕ್ಲಾಸೆಲ್ಲ ನಗು. ನಾನು ನಗುವುದಿಲ್ಲ, ಒಳ್ಳೆಯ ಪ್ರಶ್ನೆ ಅದು. ಅವರೂ ಮುರಿಯುತ್ತಾರೆ, ಗಾಂಧಿಯೂ ಮುರಿದರು. ಹಾಗಾದರೆ ವ್ಯತ್ಯಾಸ ಎಂತದ್ದು?

ಆಗ ದಂಡಿಗೆ ಹೋಗುತ್ತೇನೆ. 1930ರ ಮಾರ್ಚ್ 2ಕ್ಕೆ ಗಾಂಧಿ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದರು, ನಾನು ಹೀಗೆ ಹೀಗೆ ಮಾಡಲಿಕ್ಕಿದ್ದೇನೆ ಅಂತ. ಮಾರ್ಚ್ 12ಕ್ಕೆ 78 ಜನರನ್ನು ಕಟ್ಟಿಕೊಂಡು ಸಾಬರಮತಿಯಿಂದ ಹೊರಟು, ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 6ಕ್ಕೆ ಎಲ್ಲರ ಎದುರು ಉಪ್ಪು ಎತ್ತಿಕೊಂಡರು. "ಪೊಲೀಸರಿಗೆ ಮೊದಲೇ ಹೇಳಿ ಕಾನೂನು ಮುರಿಯುವುದಾ?" ಅಂತ ಮಕ್ಕಳಿಗೆ ಆಶ್ಚರ್ಯ. ಹೆಲ್ಮೆಟ್ ಹಾಕದೆ ಬರುವವನು ದೂರದಲ್ಲಿ ಪೊಲೀಸರನ್ನು ಕಂಡ ಕೂಡಲೇ ಗಲ್ಲಿಗೆ ತಿರುಗಿಸುತ್ತಾನಲ್ಲ, ಅವನನ್ನೂ ಇವರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಸಾಕು. ಮುಂದಿನದ್ದನ್ನು ಮಕ್ಕಳೇ ಹೇಳುತ್ತಾರೆ.

ಉಪ್ಪೇ ಯಾಕೆ ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ "ಉಪ್ಪು ಎಷ್ಟು ಚೀಪ್ ಅಲ್ವಾ" ಅನ್ನುತ್ತಾರೆ. 1882ರ ಉಪ್ಪಿನ ಕಾಯ್ದೆಯ ಪ್ರಕಾರ ಉಪ್ಪು ಮಾಡುವುದು ಸರ್ಕಾರದ ಹಕ್ಕು. ಕಡಲ ಬದಿಯಲ್ಲಿ ಮನೆ ಇದ್ದವನೂ ತನ್ನಷ್ಟಕ್ಕೆ ಉಪ್ಪು ಮಾಡಿಕೊಂಡರೆ ಅಪರಾಧ. ಸಾಹುಕಾರನಿಗೂ ಗದ್ದೆ ಕೆಲಸದವನಿಗೂ ಒಂದೇ ತೆರಿಗೆ. "ಬೀಚಿನಲ್ಲಿ ನೀರು ಒಣಗಿಸಿದ್ರೂ ಕೇಸಾ?" ಅಂತ ಕೇಳಿದರೆ ಪಾಠ ತಲೆಗೆ ಹೋಯಿತು ಅಂತ ಅರ್ಥ.

ನಮ್ಮ ಕಡೆಯವರ ಹೆಸರುಗಳೂ ಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, 'ಹೆಂಗಸರನ್ನು ಯಾಕೆ ಬಿಟ್ಟಿದ್ದೀರಿ' ಅಂತ ಗಾಂಧಿಯ ಹತ್ತಿರವೇ ವಾದ ಮಾಡಿ, ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದವರು. ಮಂಗಳೂರಿನಲ್ಲಿ ಮಾಲ್‌ಗೆ ಹೋಗುವಾಗ ಮಕ್ಕಳು ನಡೆಯುವ ಕೆ.ಎಸ್. ರಾವ್ ರಸ್ತೆಯ ಹೆಸರು ಕಾರ್ನಾಡ್ ಸದಾಶಿವರಾಯರದ್ದು. ಒಳ್ಳೆ ಸ್ಥಿತಿವಂತ ವಕೀಲರು, ಆಸ್ತಿಯನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬಡವರಾಗಿಯೇ ತೀರಿಕೊಂಡರು. ಈ ಕಥೆ ಹೇಳಿದಾಗ ಒಬ್ಬ ಹುಡುಗ "ಅವರ ಮನೆಯವರು ಎಂತ ಹೇಳಿದರು ಟೀಚರ್?" ಅಂತ ಕೇಳಿದ. ಜೈಲಿಗೆ ಹೋಗುವುದರ ಬೆಲೆಯನ್ನು ಮನೆಯವರೂ ತೆರುತ್ತಾರೆ ಅನ್ನುವುದು ದೊಡ್ಡವರ ಭಾಷಣಗಳಲ್ಲಿ ಬರುವುದೇ ಕಮ್ಮಿ.

ಮಂಗಳೂರಿನ ಬಾವುಟಗುಡ್ಡೆಯನ್ನೂ ತರುತ್ತೇನೆ. 1837ರಲ್ಲಿ ಕಂಪನಿ ಸರ್ಕಾರ ಕಂದಾಯವನ್ನು ನಗದಿನಲ್ಲೇ ಕೊಡಿ ಅಂತ ಪಟ್ಟು ಹಿಡಿದಾಗ ಸುಳ್ಯ ಕಡೆಯ ರೈತರು ದಂಡು ಕಟ್ಟಿಕೊಂಡು ಮಂಗಳೂರಿಗೇ ಬಂದು ಬಾವುಟ ಹಾರಿಸಿದರು. ಕಾರಣ ನ್ಯಾಯವೇ, ಆದರೆ ಕೈಯಲ್ಲಿ ಆಯುಧ ಇತ್ತು. ಇದನ್ನೂ ಉಪ್ಪನ್ನೂ ಒಂದೇ ಸಾಲಿನಲ್ಲಿ ಇಡಬಹುದಾ? ಹುಡುಗರಲ್ಲಿ ಹೆಚ್ಚಿನವರಿಗೆ ಬಾವುಟಗುಡ್ಡೆಯೇ ಇಷ್ಟ. ಇರಲಿ, ಆ ವಯಸ್ಸೇ ಹಾಗೆ.

ಆದರೆ ನನ್ನ ಲೆಕ್ಕದಲ್ಲಿ ಇಡೀ ಪಾಠದ ಜೀವ ಇರುವುದು ಮಹಾರಾಷ್ಟ್ರದ ಮಹಾಡ್‌ನಲ್ಲಿ. ಅಲ್ಲಿ ಎಲ್ಲ ತಲೆಕೆಳಗು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು, ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಆದರೂ ದಲಿತರಿಗೆ ನೀರು ಮುಟ್ಟುವ ಧೈರ್ಯ ಇರಲಿಲ್ಲ. 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಆಮೇಲೆ ಅವರ ಮೇಲೆ ಹಲ್ಲೆ ಆಯಿತು. "ಹಾಗಾದರೆ ಇಲ್ಲಿ ಕಾನೂನು ಮುರಿದವರು ಯಾರು?" ಅಂತ ಕೇಳಿ ಸುಮ್ಮನೆ ನಿಲ್ಲುತ್ತೇನೆ. ಮಕ್ಕಳಿಗೆ ತಕ್ಷಣ ಉತ್ತರ ಬರುವುದಿಲ್ಲ. ಬರಬಾರದು ಕೂಡ. ಕಾನೂನು ಪುಸ್ತಕದಲ್ಲಿ ಸರಿಯಾಗಿಯೇ ಇದ್ದು ಊರು ಅದನ್ನು ಒಪ್ಪದಿದ್ದರೆ ಏನು ಮಾಡುವುದು? ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಹೋಗಬೇಕು ಅಂತಿದ್ದಾಗ ಎದುರಿನವರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಂಬೇಡ್ಕರ್ ಅದನ್ನು ಪಾಲಿಸಿದರು, ನೀರು ಮುಟ್ಟಲಿಲ್ಲ. ಕೇಸು ನಡೆದೂ ನಡೆದೂ 1937ರಲ್ಲಿ ಹೈಕೋರ್ಟು ದಲಿತರ ಪರವಾಗಿ ತೀರ್ಪು ಕೊಟ್ಟಿತು. ಒಂದು ಕೆರೆಯ ನೀರಿಗೆ ಹತ್ತು ವರ್ಷ. "ಅವರು ಯಾಕೆ ಕಾದರು, ಕುಡಿದೇ ಬಿಡಬೇಕಿತ್ತು" ಅನ್ನುವವರೂ, "ಕೋರ್ಟನ್ನು ನಂಬಿದವರು ಕೋರ್ಟಿನ ಮಾತು ಕೇಳಬೇಕಲ್ಲ" ಅನ್ನುವವರೂ ಕ್ಲಾಸಿನಲ್ಲಿ ಇರುತ್ತಾರೆ. ಒಮ್ಮೆ ಬೆಲ್ ಹೊಡೆದ ಮೇಲೂ ಜಗಳ ನಿಲ್ಲದೆ ಗಣಿತದ ಮಾಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಬೇಕಾಯಿತು.

1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಅದೇ ಅಂಬೇಡ್ಕರ್, ಸಂವಿಧಾನದ ದಾರಿ ತೆರೆದಿರುವಾಗ ಕಾನೂನುಭಂಗ, ಸತ್ಯಾಗ್ರಹ ಇವನ್ನೆಲ್ಲ ಬಿಡಬೇಕು ಅಂದರು. ಇದನ್ನೂ ಮಕ್ಕಳಿಗೆ ಹೇಳಲೇಬೇಕು. ಮುಚ್ಚಿಟ್ಟರೆ ಅರ್ಧ ಪಾಠ.

ಇಷ್ಟೆಲ್ಲ ಆದ ಮೇಲೆ ಬರುವ ಪ್ರಶ್ನೆ ಎಲ್ಲ ಟೀಚರುಗಳಿಗೂ ಗೊತ್ತು. "ಹಾಗಾದರೆ ಶಾಲೆಯ ರೂಲ್ಸ್ ಮುರಿಯಬಹುದಾ?" ಹೆದರಿ "ಅದು ಬೇರೆ, ಇದು ಬೇರೆ" ಅಂದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಬಿತ್ತು. ನಾನು ತುಳುವಿನ ಉದಾಹರಣೆ ಕೊಡುತ್ತೇನೆ. ನಾನು ಓದಿದ ಶಾಲೆಯಲ್ಲಿ ತುಳು, ಕನ್ನಡ ಮಾತಾಡಿದರೆ ಫೈನ್ ಇತ್ತು. ನಾವು ಕಾರಿಡಾರಿನಲ್ಲಿ ಪಿಸುಪಿಸು ತುಳು ಮಾತಾಡುತ್ತಿದ್ದೆವು, ಟೀಚರ್ ಬಂದರೆ 'ಯೆಸ್ ಮಿಸ್'. "ನೀವು ಆ ಶಾಲೆಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಮಕ್ಕಳ ಯೋಜನೆಗಳು ಕೇಳಬೇಕು. ಮೊದಲು ಹೆಡ್‌ಮಿಸ್‌ಗೆ ಪತ್ರ. ಉತ್ತರ ಬರದಿದ್ದರೆ ಪಿಟಿಎ ಮೀಟಿಂಗ್. ಅದೂ ಆಗದಿದ್ದರೆ, ಇಂತ ದಿನ ಅಸೆಂಬ್ಲಿಯಲ್ಲಿ ಎಲ್ಲರೂ ತುಳುವಿನಲ್ಲೇ ನಮಸ್ಕಾರ ಹೇಳುತ್ತೇವೆ ಅಂತ ಮೊದಲೇ ತಿಳಿಸಿ, ಹೇಳಿ, ಫೈನ್ ಕೊಟ್ಟು ರಸೀದಿ ಕೇಳುವುದು. ರಸೀದಿ ಕೇಳುವ ಐಡಿಯಾ ಕೊಟ್ಟ ಹುಡುಗಿ ಮುಂದೆ ವಕೀಲೆ ಆಗುವುದರಲ್ಲಿ ನನಗೆ ಸಂಶಯ ಇಲ್ಲ. ಹೋಂವರ್ಕ್ ಮಾಡದೆ ಇರುವುದು ಸತ್ಯಾಗ್ರಹ ಆಗುವುದಿಲ್ಲ ಅಂತ ಅವರೇ ತೀರ್ಮಾನಿಸಿದರು, ಬೇಸರದಿಂದಲೇ.

ಉಡುಪಿಯಲ್ಲಿ ಈ ಪಾಠ ಮಾಡುವವಳು 2022ರ ಹಿಜಾಬ್ ವಿಷಯ ಬರೆಯದೆ ಬಿಟ್ಟರೆ ನಾಟಕ ಆಗುತ್ತದೆ. ನಾನಾಗಿ ಅದನ್ನು ಎತ್ತುವುದಿಲ್ಲ. ಸ್ವಲ್ಪ ಹೆದರಿಕೆಯೂ ಹೌದು, ಆದರೆ ಮುಖ್ಯ ಕಾರಣ ಬೇರೆ. ಕ್ಲಾಸಿನಲ್ಲಿ ಆ ಸಮುದಾಯದ ಮಕ್ಕಳು ಇಬ್ಬರೋ ಮೂವರೋ ಇರುತ್ತಾರೆ. ಮಾತು ಎತ್ತಿದ ಕೂಡಲೇ ಉಳಿದ ತಲೆಗಳೆಲ್ಲ ಅವರ ಕಡೆ ತಿರುಗುತ್ತವೆ. ಹದಿಮೂರು ವರ್ಷದ ಮಗುವಿನ ಮೇಲೆ ಇಡೀ ಸಮುದಾಯದ ಪರವಾಗಿ ಮಾತಾಡುವ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಯಾರಾದರೂ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ: 2022ರ ಮಾರ್ಚ್ 15ಕ್ಕೆ ಹೈಕೋರ್ಟು ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಒಪ್ಪದೆ ಎರಡು ಬೇರೆ ತೀರ್ಪು ಬರೆದರು. ಜಡ್ಜ್‌ಗಳೂ ಒಬ್ಬರಿಗೊಬ್ಬರು ಒಪ್ಪದೆ ಇರಬಹುದು, ಅದನ್ನು ಮರ್ಯಾದೆಯಿಂದ ಬರೆದು ಹೇಳಬಹುದು ಅನ್ನುವುದು ಹೆಚ್ಚಿನ ಮಕ್ಕಳಿಗೆ ಹೊಸ ಸುದ್ದಿ.

ಚರ್ಚೆಗೆ ನಮ್ಮ ಕ್ಲಾಸಿನಲ್ಲಿ ಒಂದೇ ನಿಯಮ. ಎದುರಿನವರ ಮಾತನ್ನು, ಅವರು "ಹೌದು, ನಾನು ಹೇಳಿದ್ದು ಅದೇ" ಅಂತ ಒಪ್ಪುವ ಹಾಗೆ ಮೊದಲು ಹೇಳಬೇಕು, ಆಮೇಲೆ ನಿಮ್ಮದು. ಗಲಾಟೆ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಮಾತಾಡದ ಮಕ್ಕಳಿಗೆ ಚೀಟಿ. ಹೆಸರು ಬರೆಯದೆ ಡಬ್ಬಿಗೆ ಹಾಕುತ್ತಾರೆ, ಒಳ್ಳೆ ಪ್ರಶ್ನೆಗಳು ಜಾಸ್ತಿ ಅಲ್ಲಿಂದಲೇ ಬರುವುದು. ಮತ್ತೆ ನಲವತ್ತು ನಿಮಿಷದ ಪೀರಿಯಡ್ ಇದಕ್ಕೆ ಸಾಲುವುದಿಲ್ಲ, ಪಿ.ಟಿ. ಟೀಚರ್ ಹತ್ತಿರ ಒಂದು ಕ್ಲಾಸ್ ಬೇಡಿಕೊಳ್ಳಬೇಕು.

"ಎದುರುತ್ತರ ಕೊಡಲಿಕ್ಕೆ ಕಲಿಸ್ತೀರಾ?" ಅಂತ ಫೋನ್ ಮಾಡಿದ ಪೋಷಕರೂ ಇದ್ದಾರೆ. ಅದಕ್ಕೇ ಈಗ ಮನೆಗೂ ಒಂದು ಪ್ರಶ್ನೆ ಕಳಿಸುತ್ತೇನೆ: ನಿಮಗೆ ಸರಿ ಕಾಣದ ಕಾನೂನು ಯಾವುದು, ಅದಕ್ಕೆ ನೀವು ಏನು ಮಾಡಿದಿರಿ? ಹಿಂಬದಿ ಸವಾರರ ಹೆಲ್ಮೆಟ್, ಸಿಆರ್‌ಝಡ್‌ (ಕಡಲ ಬದಿಯಲ್ಲಿ ಕಟ್ಟಡ ಕಟ್ಟುವುದಕ್ಕೆ ಇರುವ ನಿರ್ಬಂಧ) ಇಂದಾಗಿ ಸ್ವಂತ ಜಾಗದಲ್ಲೇ ಮನೆ ಕಟ್ಟಲಾಗದ್ದು, ಮರಳು ತೆಗೆಯುವುದಕ್ಕೆ ಇರುವ ತಡೆ, ಎಲ್ಲ ಬಂತು. ಈ ಸಲ ಒಬ್ಬ ಅಜ್ಜ ಮೊಮ್ಮಗನ ಕೈಯಲ್ಲಿ ಎರಡು ಪುಟ ಬರೆಸಿ ಕಳಿಸಿದ್ದರು. ಪ್ರತಿ ಚುನಾವಣೆಗೂ ತೋಟದ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು, ಹಂದಿ ಮಂಗಗಳಿಗೆ ಚುನಾವಣೆ ಉಂಟಾ ಅಂತ. 'ಏನು ಮಾಡಿದಿರಿ' ಅನ್ನುವಲ್ಲಿ "ಬೈದೆ" ಅಂತ ಒಂದೇ ಶಬ್ದ. ಮಕ್ಕಳು ಈಗ ಅವರ ಪರವಾಗಿ ಜಿಲ್ಲಾಧಿಕಾರಿಗೆ ಮನವಿ ಬರೆಯುತ್ತಿದ್ದಾರೆ. ಆದರೆ ಕೋವಿ ಠೇವಣಿ ಇಡುವುದೇ ಸರಿ ಅನ್ನುವ ಒಂದು ಗುಂಪು ಅದಕ್ಕೆ ಸಹಿ ಹಾಕಲು ಒಪ್ಪುತ್ತಿಲ್ಲ, ತಮ್ಮದೇ ಇನ್ನೊಂದು ಪತ್ರ ಬರೆಯುತ್ತೇವೆ ಅಂತ ಕೂತಿದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುವುದಾ, ಬೇರೆ ಬೇರೆಯಾ ಅಂತ ಸೋಮವಾರ ತೀರ್ಮಾನ ಆಗಬೇಕು.