ಸುಲಿತದ ಹಣ ಯಾವ ತಿಂಗಳ ಆದಾಯ?

ತೀರ್ಥಹಳ್ಳಿ ಕಡೆ ಅಡಿಕೆ ಸುಲಿತ ಜೋರಾಗಿದೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಸುಲಿಯಲು ಕುಳಿತವರಲ್ಲಿ ಹೆಂಗಸರೇ ಹೆಚ್ಚು. ಇವರ ಮನೆಗೆ ಹೋಗಿ ‘ತಿಂಗಳ ಆದಾಯ ಎಷ್ಟು?’ ಎಂದು ಕೇಳಿದರೆ ಯಾವ ತಿಂಗಳಿನದನ್ನು ಹೇಳಬೇಕು? ಕೊಯ್ಲಿನಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಮಳೆಗಾಲದಲ್ಲಿ ಕೈ ಖಾಲಿ. ಮನೆಯ ಖರ್ಚು ಮಾತ್ರ ಅಷ್ಟಾಗಿ ಏರಿಳಿಯುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದಶಕಗಳಿಂದ ಆದಾಯಕ್ಕಿಂತ ಹೆಚ್ಚಾಗಿ ಖರ್ಚನ್ನು ಕೇಳುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. 2022-23ರಲ್ಲಿ ದೇಶದ ಹಳ್ಳಿಗರ ತಲಾ ಮಾಸಿಕ ಖರ್ಚಿನ ಸರಾಸರಿ 3,773 ರೂಪಾಯಿ, ನಗರದವರದು 6,459.

ಆದರೆ ಈ ಸರಾಸರಿ ಮನೆಯ ಜಗುಲಿ ದಾಟುವುದಿಲ್ಲ. ಒಳಗೆ ಯಾರ ತಟ್ಟೆಗೆ ಎಷ್ಟು ಬಿತ್ತು, ಪಿಯುಸಿ ಮುಗಿದ ಮೇಲೆ ಶಿವಮೊಗ್ಗಕ್ಕೆ ಓದಲು ಹೋದದ್ದು ಮಗನೋ ಮಗಳೋ ಎಂಬುದು ಅದರಲ್ಲಿ ಕಾಣುವುದಿಲ್ಲ. ಕುಟುಂಬದ ಒಳಗಿನ ಅಸಮಾನತೆಯ ಬಗ್ಗೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಹಳ ಹಿಂದೆಯೇ ಬರೆದಿದ್ದಾರೆ. ನಮ್ಮ ಚರ್ಚೆ ಇನ್ನೂ ಅಲ್ಲಿಗೆ ಹೋಗಿಲ್ಲವಲ್ಲ ಎಂದು ಬೇಸರವಾಗುತ್ತದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬೀಳುತ್ತದೆ. ಮೊತ್ತ ಚಿಕ್ಕದು ಎನ್ನುವವರು ಆ ಖಾತೆ ಯಾರದು ಎಂಬುದನ್ನೂ ನೋಡಬೇಕು. ನಮ್ಮ ಪಕ್ಕದ ಮನೆಯ ಅಕ್ಕ ಅದರಲ್ಲಿ ಮಗಳ ಹಾಸ್ಟೆಲ್ ಶುಲ್ಕ ಕಟ್ಟುತ್ತಿದ್ದಾರೆ, ಯಾರನ್ನೂ ಕೇಳದೆ.