ಟೋಕಿಯೋದಲ್ಲಿ ಚರ್ಮವೈದ್ಯರ ಭೇಟಿ

ಜೂನ್ ತಿಂಗಳ ಮಳೆ ಹಿಡಿದೊಡನೆ ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ನಿದ್ದೆಗೆಡಿಸಿದ್ದರಿಂದ, ನಿಶಿ ಕಸಾಯ್‌ನ ನಮ್ಮ ಬೀದಿಯಲ್ಲೇ ಇರುವ ಚರ್ಮವೈದ್ಯರ ಬಳಿಗೆ ಹೋಗಿಬಂದೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆಯಾದರೂ ಆ ವೈದ್ಯರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ ಜಪಾನಿಯಂತೂ ತರಕಾರಿ ಅಂಗಡಿಯಿಂದಾಚೆಗೆ ಸಾಗುವುದಿಲ್ಲ.

ಮೊದಲು ಕೈಗಿತ್ತ ಪ್ರಶ್ನಾವಳಿಯಲ್ಲಿ ಮನುಷ್ಯಾಕೃತಿಯ ರೇಖಾಚಿತ್ರವೊಂದಿತ್ತು. ತೊಂದರೆಯಿರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದರಾಯಿತು. ಅಲರ್ಜಿ, ಸೇವಿಸುತ್ತಿರುವ ಮಾತ್ರೆ ಮುಂತಾದ ಉಳಿದ ಪ್ರಶ್ನೆಗಳನ್ನು ಮೊಬೈಲಿನ ಕ್ಯಾಮೆರಾ ಅನುವಾದಿಸಿಕೊಟ್ಟಿತು. ಹೊಟ್ಟೆನೋವಾಗಿದ್ದರೆ ಅದು ಚುಚ್ಚುತ್ತಿದೆಯೋ ಉರಿಯುತ್ತಿದೆಯೋ ಎಂದು ವಿವರಿಸಲು ಹೆಣಗಬೇಕಾಗುತ್ತಿತ್ತು, ಚರ್ಮದ ಕಾಯಿಲೆಯಾದರೋ ತಾನೇ ಎದುರಿಗೆ ಕಾಣಿಸುತ್ತದೆ. ವೈದ್ಯರು ಭೂತಗನ್ನಡಿ ಹಿಡಿದು ನೋಡಿ, ಎಕ್ಸಿಮಾ ಎಂದು ಹೇಳಿ, ಚೀಟಿ ಬರೆದರು.

ನಿಜವಾದ ಪಾಠವಾದದ್ದು ಪಕ್ಕದ ಔಷಧದಂಗಡಿಯಲ್ಲಿ. ಅಲ್ಲಿನ ಮಹಿಳೆ ತಮ್ಮ ತೋರುಬೆರಳನ್ನು ಚಾಚಿ, ತುದಿಯಿಂದ ಮೊದಲ ಗೆಣ್ಣಿನವರೆಗೆ ಮುಲಾಮು ಹಿಂಡುವಂತೆ ಅಭಿನಯಿಸಿ, ಬಳಿಕ ಎರಡೂ ಅಂಗೈಗಳನ್ನು ಜೋಡಿಸಿ ತೋರಿಸಿದರು: ಸುಮಾರು 0.5 ಗ್ರಾಂ ಮುಲಾಮು ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಸಾಕು. ಊರಿನಲ್ಲಿ ಸ್ಟೀರಾಯ್ಡ್ ಮುಲಾಮುಗಳನ್ನು ಮನಸ್ಸಿಗೆ ಬಂದಷ್ಟು ಬಳಿದುಕೊಳ್ಳುವವರನ್ನು ಕಂಡಿರುವ ನನಗೆ, ಅದಕ್ಕೂ ಒಂದು ಅಳತೆಯಿದೆಯೆಂದು ಇದುವರೆಗೆ ಯಾರೂ ಹೇಳಿರಲಿಲ್ಲ.

ಆರೋಗ್ಯ ವಿಮೆಯಿರುವುದರಿಂದ ವೈದ್ಯರ ಶುಲ್ಕವಾಗಲಿ ಔಷಧದ ಬೆಲೆಯಾಗಲಿ ಶೇ. 30ರಷ್ಟು ಮಾತ್ರ ನನ್ನ ಜೇಬಿನಿಂದ ಹೋಯಿತು. ಔಷಧದ ವಿವರ ಮುದ್ರಿಸಿದ ಚೀಟಿಯನ್ನು ಅಂಟಿಸಿಕೊಟ್ಟ ಪುಟ್ಟ ಪುಸ್ತಕವನ್ನು ಇನ್ನು ಯಾವ ವೈದ್ಯರಲ್ಲಿಗೆ ಹೋದರೂ ಒಯ್ಯಬೇಕಂತೆ.