ಮಗಳು ಹುಟ್ಟಿದ ಊರಿಗೆ ಹೋಗಿ ಬಂದೆವು: ಕೋಲ್ಕತ್ತಾಗೆ ಹೊರಡುವ ದತ್ತು ಕುಟುಂಬಗಳಿಗೆ

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ನಾನೂ ನಮ್ಮವರೂ ಶಿವಮೊಗ್ಗ ಕಡೆಯವರು. ಮಗಳು ಹುಟ್ಟಿದ್ದು ಕೋಲ್ಕತ್ತಾದಲ್ಲಿ. ನಮ್ಮ ಮನೆಗೆ ಬಂದಾಗ ಅವಳಿಗೆ ಇನ್ನೂ ಎರಡು ತುಂಬಿರಲಿಲ್ಲ, ಈಗ ಒಂಬತ್ತು. ರಜೆಗೆ ಬಂದಾಗಲೆಲ್ಲ ಬೆಂಗಳೂರು, ಶಿವಮೊಗ್ಗ, ನೆಂಟರ ಮನೆ ಅಂತ ಓಡಾಡಿ ವಾಪಸ್ ಹೋಗುತ್ತಿದ್ದೆವು. ಈ ಸಲ ಅವಳೇ ಕೇಳಿದಳು, "ಅಮ್ಮ, ನನ್ನ ಊರು ಯಾವಾಗ ನೋಡೋದು?" ಜನವರಿಯಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿದೆವು.

ಇದು ಹೊರದೇಶದವರಿಗೆ ಮಾತ್ರ ಬರೆದದ್ದಲ್ಲ. ಸಂಸ್ಥೆಗಳಲ್ಲಿರುವ ಮಕ್ಕಳ ದತ್ತು ಈಗ ನಡೆಯುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ ಮೂಲಕ. ಹಾಗಾಗಿ ಮಗು ಬೇರೆ ರಾಜ್ಯದಿಂದಲೂ ಬರಬಹುದು. ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೆ ಒಡಿಶಾದ ಮಗ, ಬಂಗಾಳದ ಮಗಳು ಇರುವುದು ಹೊಸದೇನಲ್ಲ. ಒಂದಲ್ಲ ಒಂದು ದಿನ ಆ ಮಕ್ಕಳೂ ಇದೇ ಪ್ರಶ್ನೆ ಕೇಳುತ್ತಾರೆ.

ನಾನು ಒತ್ತಿ ಹೇಳುವ ಮಾತು ಒಂದೇ. ಮೊದಲು ಊರು ತೋರಿಸಿ, ಮಗು ಇದ್ದ ಸಂಸ್ಥೆಗೆ ಆಮೇಲೆ ಹೋಗಿ. ವಿಮಾನ ಇಳಿದ ಮಾರನೇ ದಿನವೇ ಸಂಸ್ಥೆಯ ಬಾಗಿಲಿಗೆ ಹೋದರೆ ಮಗುವಿನ ಮನಸ್ಸಿನಲ್ಲಿ ಕೋಲ್ಕತ್ತಾ ಅಂದರೆ ಒಂದು ಗೇಟು, ಒಂದು ಆಫೀಸು, ಸಾಲು ತೊಟ್ಟಿಲು, ಅಷ್ಟೇ ಉಳಿಯುತ್ತದೆ. ಅವಳು ಹುಟ್ಟಿದ್ದು ಅಷ್ಟು ಚಿಕ್ಕ ಜಾಗದಲ್ಲಲ್ಲ. ದೊಡ್ಡ ನದಿ, ಸೇತುವೆ, ಟ್ರಾಮು, ಸಿಹಿ ಅಂಗಡಿ, ಜೋರಾಗಿ ಮಾತಾಡುವ ಜನ, ಇದೆಲ್ಲ ಅವಳದೇ. ಅದು ಮೊದಲು ಕಣ್ಣಿಗೆ ಬೀಳಲಿ. ಹಾಗಂತ ಸಂಸ್ಥೆಯ ಭೇಟಿಯನ್ನು ಕೊನೇ ದಿನಕ್ಕೂ ಇಡಬೇಡಿ. ಆಮೇಲೆ ಮಾತಾಡಲು, ಅಳಲು, ಸುಮ್ನೆ ಕೂರಲು ಒಂದೆರಡು ದಿನ ಬೇಕು. ಪ್ರವಾಸದ ನಡುವೆ ಒಂದು ಬೆಳಗ್ಗೆ ಸರಿಯಾದ ಹೊತ್ತು.

ಪತ್ರ ವ್ಯವಹಾರ ಬೇಗ ಶುರುಮಾಡಿ, ತಿಂಗಳುಗಳ ಮುಂಚೆಯೇ. ನಾವು ಅಮೆರಿಕದಲ್ಲಿ ದತ್ತು ಮಾಡಿಸಿಕೊಟ್ಟ ಏಜೆನ್ಸಿಯಿಂದ ಒಂದು ಪತ್ರ ಬರೆಸಿ, ಕೋಲ್ಕತ್ತಾದ ಸಂಸ್ಥೆಗೆ ನಾವೂ ಬೇರೆಯಾಗಿ ಇಮೇಲ್ ಮಾಡಿದೆವು. ದತ್ತು ಆದೇಶದ ಪ್ರತಿ, ಮಗುವಿನ ಜನನ ಪ್ರಮಾಣಪತ್ರ, ನಮ್ಮ ಪಾಸ್‌ಪೋರ್ಟ್ ಪ್ರತಿ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆವು. ಹೇಳದೆ ಕೇಳದೆ ಹೋದರೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಒಳಗೆ ಬೇರೆ ಮಕ್ಕಳು ಇರುತ್ತಾರೆ, ಅಲ್ವಾ?

ಕಾನೂನು ಏನು ಹೇಳುತ್ತದೆ ಅನ್ನುವುದು ಹೊರಡುವ ಮೊದಲೇ ಗೊತ್ತಿರಲಿ. 2022ರ ದತ್ತು ನಿಯಮಗಳಲ್ಲಿ ಮಗು ತನ್ನ ಮೂಲ ತಿಳಿಯುವುದಕ್ಕೆ ಅವಕಾಶವಿದೆ. ಎಲ್ಲಿಂದ ಬಂತು, ಯಾವ ಸಂದರ್ಭದಲ್ಲಿ ಸಂಸ್ಥೆಗೆ ಸೇರಿತು, ದತ್ತು ಹೇಗೆ ನಡೆಯಿತು ಎಂಬ ಮಾಹಿತಿ ಕೇಳಬಹುದು. 18 ತುಂಬಿದವರು ತಾವೇ ಅರ್ಜಿ ಹಾಕಬಹುದು. ಅದಕ್ಕಿಂತ ಚಿಕ್ಕವರಾದರೆ ದತ್ತು ತಂದೆ ತಾಯಿ ಜೊತೆಗೂಡಿ ಹಾಕಬೇಕು. ಆದರೆ ಹೆತ್ತವರ ಗುಟ್ಟು ಕಾಯುವುದೂ ಅದೇ ಕಾನೂನಿನಲ್ಲಿದೆ. ಮೂರನೆಯವರ ಕೈಗೆ ಹುಡುಕಾಟ ಒಪ್ಪಿಸುವಂತಿಲ್ಲ. ದುಡ್ಡು ಕೊಟ್ಟರೆ ಹೆತ್ತ ತಾಯಿಯನ್ನು ಹುಡುಕಿಕೊಡುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ. ಮಗುವಿನ ಹಳೇ ಫೋಟೋ ಹಾಕಿ ಫೇಸ್‌ಬುಕ್‌ನಲ್ಲಿ ಕೇಳುವುದೂ ಬೇಡ. ಎಲ್ಲೋ ಒಬ್ಬ ಹೆಂಗಸು ಯಾರಿಗೂ ಹೇಳದೆ ಬದುಕು ಕಟ್ಟಿಕೊಂಡಿರಬಹುದು. ನಮ್ಮ ಕುತೂಹಲಕ್ಕೆ ಅವಳ ಮನೆ ಒಡೆಯಬಾರದು.

ಈಗ ಊರಿನ ವಿಷಯಕ್ಕೆ ಬರೋಣ.

ಮೊದಲ ದಿನ ನಾವು ನದಿಯಿಂದ ಶುರುಮಾಡಿದೆವು. ಎಸ್ಪ್ಲನೇಡ್‌ನಲ್ಲಿ ಮೆಟ್ರೋ ಹತ್ತಿದರೆ ಹೂಗ್ಲಿ ನದಿಯ ತಳದ ಸುರಂಗ ದಾಟಿ ಹೌರಾ ತಲುಪುತ್ತೀರಿ. 2024ರ ಮಾರ್ಚ್‌ನಲ್ಲಿ ಶುರುವಾದ ಈ ದಾರಿ ನದಿ ದಾಟುವುದು ಒಂದು ನಿಮಿಷದೊಳಗೆ. ವಾಪಸ್ ಬರುವಾಗ ಹೌರಾ ಸ್ಟೇಷನ್ ಎದುರಿನ ಘಾಟಿನಿಂದ ಫೆರಿ ಹತ್ತಿ. ಹೋಗುವಾಗ ನೀರಿನ ಕೆಳಗೆ, ಬರುವಾಗ ನೀರಿನ ಮೇಲೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ. ಫೆರಿಯಿಂದ ಹೌರಾ ಸೇತುವೆ ಪೂರ್ತಿ ಕಾಣುತ್ತದೆ. 1943ರಲ್ಲಿ ತೆರೆದ ಸೇತುವೆ ಅದು, ನಟ್ಟು ಬೋಲ್ಟಿಲ್ಲದೆ ಬರೀ ರಿವೆಟ್ ಹೊಡೆದು ಕಟ್ಟಿದ್ದು. ನೀರಿನಲ್ಲಿ ಒಂದೂ ಕಂಬವಿಲ್ಲ. ಮಗಳು ಎಣಿಸಲು ಹೋಗಿ ಕಂಬವೇ ಕಾಣದೆ ಅಪ್ಪನನ್ನು ಪ್ರಶ್ನೆಗಳಿಂದ ಕಾಡಿದಳು.

ಸೇತುವೆಯ ಕೋಲ್ಕತ್ತಾ ಬದಿಯಲ್ಲಿ ಮಲ್ಲಿಕ್ ಘಾಟ್ ಹೂವಿನ ಸಂತೆ ಇದೆ. ಬೆಳಗ್ಗೆ ಬೇಗ ಹೋಗಿ. ನೆಲ ಒದ್ದೆ, ತಲೆ ಮೇಲೆ ಮೂಟೆ ಹೊತ್ತವರು ನುಗ್ಗಿ ಬರುತ್ತಾರೆ, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಕುಮಾರ್‌ಟುಲಿ, ಮೂರ್ತಿ ಮಾಡುವವರ ಓಣಿ. ದುರ್ಗಾಪೂಜೆ ಮುಗಿದರೆ ಅಲ್ಲಿ ಏನೂ ಇರುವುದಿಲ್ಲ ಅಂತ ಕೆಲವರು ಹೇಳಿದ್ದರು. ಜನವರಿಯಲ್ಲಿ ಸರಸ್ವತಿ ಪೂಜೆಗೆ ತಯಾರಿ ಭರದಿಂದ ನಡೆಯುತ್ತದೆ. ಹುಲ್ಲು ಕಟ್ಟಿ ಮೈ ಮಾಡುತ್ತಾರೆ, ಮೇಲೆ ಜೇಡಿಮಣ್ಣು ಮೆತ್ತುತ್ತಾರೆ, ಬೆರಳು ಮಾತ್ರ ಬೇರೆಯಾಗಿ ಮಾಡಿ ಅಂಟಿಸುತ್ತಾರೆ. ಒಬ್ಬ ಅಜ್ಜ ನನ್ನ ಮಗಳ ಕೈಗೆ ಒಂದು ಉಂಡೆ ಮಣ್ಣು ಕೊಟ್ಟು, ಹೇಗೆ ಹೊಸೆಯಬೇಕು ಅಂತ ತೋರಿಸಿದರು. ಅವಳು ಮಾಡಿದ ಬೆರಳು ಸೊಟ್ಟಗಿತ್ತು. ಅವರು ತೆಗೆದುಕೊಂಡು ಉಗುರಿನಿಂದ ಎರಡು ಗೆರೆ ಎಳೆದರು, ಗೆಣ್ಣು ಮೂಡಿತು. ಅವಳಿಗೆ ಅಲ್ಲಿಂದ ಏಳಲು ಮನಸ್ಸೇ ಇರಲಿಲ್ಲ. ಇಂಥ ಕಡೆ ಗಡಿಯಾರ ನೋಡಬೇಡಿ. ಫೋಟೋ ತೆಗೆಯುವ ಮೊದಲು ಮಾತ್ರ ಕೇಳಿ.

ವಾರದ ರಜೆ ನೆನಪಿಟ್ಟುಕೊಳ್ಳಿ. ಇಂಡಿಯನ್ ಮ್ಯೂಸಿಯಂ, ವಿಕ್ಟೋರಿಯಾ ಮೆಮೋರಿಯಲ್‌ನ ಒಳಗಿನ ಗ್ಯಾಲರಿ ಸೋಮವಾರ ಮುಚ್ಚಿರುತ್ತವೆ. ಅಲಿಪುರ ಮೃಗಾಲಯ ಗುರುವಾರ ಇಲ್ಲ. 1814ರಲ್ಲಿ ಶುರುವಾದ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿ ಇದೆ, ಮಕ್ಕಳನ್ನು ನೇರ ಅಲ್ಲಿಗೇ ಕರೆದುಕೊಂಡು ಹೋಗಿ. ಟ್ರಾಮ್ ದಾರಿಗಳು ಕಡಿಮೆಯಾಗುತ್ತಾ ಬಂದಿವೆ, ಯಾವುದು ಓಡುತ್ತಿದೆ ಎಂದು ಹೋಟೆಲಿನಲ್ಲಿ ಕೇಳಿ ಒಂದು ಸಲವಾದರೂ ಹತ್ತಿ. ಹಳದಿ ಅಂಬಾಸಿಡರ್ ಟ್ಯಾಕ್ಸಿಗಳೂ ಜಾಸ್ತಿ ದಿನ ಇರುವುದಿಲ್ಲ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೆಳಗ್ಗೆ ಕಚೋರಿ, ಆಲೂಗಡ್ಡೆ ಪಲ್ಯ ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ಸಾಸಿವೆ ಎಣ್ಣೆಯ ಘಾಟು ಮಕ್ಕಳಿಗೆ ಹಿಡಿಸದಿದ್ದರೆ ಲೇಕ್ ಮಾರ್ಕೆಟ್ ಕಡೆ ಹೋಗಿ, ದಕ್ಷಿಣದವರು ನೆಲೆಸಿದ ಬಡಾವಣೆ, ಇಡ್ಲಿ ದೋಸೆಗೆ ಮೋಸವಿಲ್ಲ. ಚಳಿಗಾಲದಲ್ಲಿ ಹೋದರೆ ಖರ್ಜೂರದ ಮರದ ಹೊಸ ಬೆಲ್ಲ ಹಾಕಿದ ಸಂದೇಶ್ ಎಂಬ ಸಿಹಿ ತಿನ್ನದೆ ಬರಬೇಡಿ.

ಸಂಸ್ಥೆಗೆ ಹೋಗುವ ಹಿಂದಿನ ರಾತ್ರಿ ಮಗಳಿಗೆ ಹೇಳಿದ್ದೆವು: "ಬೇಡ ಅನ್ನಿಸಿದರೆ ಗೇಟಿನಿಂದಲೇ ವಾಪಸ್ ಬರಬಹುದು. ಯಾರಿಗೂ ಬೇಜಾರಿಲ್ಲ." ಇದನ್ನು ನಿಮ್ಮ ಮಗುವಿಗೂ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಅವಳು ಒಳಗೆ ಬಂದಳು. ಅವಳ ದತ್ತಿನ ಫೈಲ್ ನೋಡುವ ಹೊತ್ತಿಗೆ ಅಪ್ಪ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋದರು, ನಾನೊಬ್ಬಳೇ ಕೂತು ಓದಿದೆ. ಹೀಗೇ ಮಾಡಿ. ಹಾಳೆಯಲ್ಲಿ ಏನಿರುತ್ತದೋ ಗೊತ್ತಿರುವುದಿಲ್ಲ. ಮೊದಲು ನೀವು ಓದಿ ಅರಗಿಸಿಕೊಂಡು, ಆಮೇಲೆ ಮಗುವಿನ ವಯಸ್ಸಿಗೆ ತಕ್ಕಂತೆ ಹೇಳಬೇಕು. ಸುಳ್ಳು ಮಾತ್ರ ಹೇಳಬಾರದು.

ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನು ಮಾಸಿ ಅಂತ ಕರೆಯುತ್ತಾರೆ. ಹಳಬರೊಬ್ಬರು ಇನ್ನೂ ಕೆಲಸದಲ್ಲಿದ್ದರು. ಮಗಳ ಮುಖ ನೋಡಿ ಅವರು ಕೇಳಿದ್ದು ಒಂದೇ: "ನಿದ್ದೆ ಬಂದಾಗ ಈಗಲೂ ಕಿವಿ ಹಿಡ್ಕೊಳ್ತಾಳಾ?" ಹೌದು, ಈಗಲೂ. ಎಡಗಿವಿ. ಇಷ್ಟು ವರ್ಷ ಅದು ನಮ್ಮ ಮನೆಯಲ್ಲಿ ಬಂದ ಅಭ್ಯಾಸ ಅಂದುಕೊಂಡಿದ್ದೆವು. ಮಗಳು ಅಲ್ಲಿ ಏನೂ ಮಾತಾಡಲಿಲ್ಲ. ಟ್ಯಾಕ್ಸಿ ಹತ್ತಿದ ಮೇಲೆ ಒಂದೇ ಸಮ ಕೇಳಿದಳು. ಮಾಸಿ ಎಷ್ಟು ಹೊತ್ತು ಎತ್ತಿಕೊಳ್ಳುತ್ತಿದ್ದರು, ಯಾವ ಮಂಚ, ಅಲ್ಲಿದ್ದ ಬೇರೆ ಮಕ್ಕಳಿಗೂ ಅಮ್ಮ ಸಿಕ್ಕಿದರಾ. ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದಿದ್ದದ್ದು ಒಳ್ಳೆಯದಾಯಿತು.

ಒಳಗಿರುವ ಮಕ್ಕಳ ಫೋಟೋ ತೆಗೆಯಬೇಡಿ. ಅವರ ಗುರುತು ಹೊರಗೆ ಬಿಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಆಟಿಕೆ, ಚಾಕಲೇಟು ಹಂಚುವ ಬದಲು ಏನು ಬೇಕು ಅಂತ ಮೊದಲೇ ಕೇಳಿ. ನಮ್ಮನ್ನು ಕೇಳಿದ್ದು ಡಯಾಪರ್ ಮತ್ತು ಬೆಡ್‌ಶೀಟು. ಅಲ್ಲೇ ಹತ್ತಿರದ ಅಂಗಡಿಯಲ್ಲಿ ಕೊಂಡು ಕೊಟ್ಟೆವು.

ದಾರಿಯಲ್ಲಿ ಮಾತಿಗೆ ಸಿಕ್ಕವರಿಗೆಲ್ಲ "ಇವಳು ಇಲ್ಲೇ ಹುಟ್ಟಿದ್ದು, ನಾವು ದತ್ತು ತಗೊಂಡಿದ್ದು" ಅಂತ ನೀವೇ ಹೇಳಿಬಿಡಬೇಡಿ. ಆ ಕಥೆ ಮಗುವಿನದು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಮೊದಲೇ ಅವಳ ಜೊತೆ ಮಾತಾಡಿಕೊಳ್ಳಿ. ನೆಂಟರಿಗೂ ಇದೇ ಮಾತು. ಮನೆಗೆ ಬಂದ ಕೂಡಲೇ "ಏನು ಗೊತ್ತಾಯ್ತು?" ಅಂತ ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಅತ್ತೆ ಮಾತ್ರ "ಊಟ ಹೇಗಿತ್ತು ಪುಟ್ಟ?" ಅಂತ ಕೇಳಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವರಿಗೆ ಅವಳೇ ಎಲ್ಲ ಹೇಳಿದಳು.

ವಾಪಸ್ ಬಂದ ವಾರದೊಳಗೆ ಸಂಸ್ಥೆಗೆ ಧನ್ಯವಾದದ ಪತ್ರ ಬರೆಯಿರಿ, ವಿಳಾಸ ಬದಲಾದರೆ ತಿಳಿಸುತ್ತಿರಿ. ಅವರು ಕೊಟ್ಟ ಕಾಗದಗಳ ಎರಡು ಪ್ರತಿ ಮಾಡಿ ಒಂದನ್ನು ಮಗುವಿನ ಹೆಸರಿನಲ್ಲೇ ತೆಗೆದಿಡಿ. 18 ಆದ ಮೇಲೆ ಅರ್ಜಿ ಹಾಕಬೇಕು ಅನ್ನಿಸಿದರೆ ಅವಳಿಗೆ ಬೇಕಾಗುವುದು ಅವೇ ಕಾಗದಗಳು.